ಮೊದಲೇ ಗೊತ್ತಿದ್ದ ನೀರು

ಎರಡು ವರ್ಷ ಮಳೆ ಕೈಕೊಟ್ಟ ಮೇಲೆ ಆ ಊರಿನವರು ನೀರಿನ ವಿಷಯದಲ್ಲಿ ಮಹಾ ಜಿಪುಣರಾಗಿದ್ದರು. ಮುಖ ತೊಳೆದ ನೀರು ನೆಲ ಒರೆಸುವುದಕ್ಕೆ, ನೆಲ ಒರೆಸಿದ ನೀರು ಬಾಗಿಲಾಚೆಯ ಗಿಡಕ್ಕೆ. ಬತ್ತಿದ ಹೊಳೆಯಲ್ಲಿ ಮಕ್ಕಳು ಚೆಂಡಾಡುತ್ತಿದ್ದರು. ಹಾಗಾಗಿ ಮೂರನೆಯ ವರ್ಷ ಮಳೆ ಹಿಡಿದಾಗ ಊರಿನ ಮೇಲಿದ್ದ ಅಣೆಕಟ್ಟಿನವರು ಒಂದು ಹನಿಯನ್ನೂ ಕೆಳಗೆ ಬಿಡಲಿಲ್ಲ. ತುಂಬಲಿ, ಇನ್ನೂ ತುಂಬಲಿ ಎಂದು ಕಾದರು. ಊರಿನವರು ಬಯಸಿದ್ದೂ ಅದನ್ನೇ. ಸಂಜೆ ಹೊತ್ತು ಮಕ್ಕಳುಮರಿ ಕಟ್ಟಿಕೊಂಡು ಮೇಲೆ ಹೋಗಿ, ಏರುತ್ತಿದ್ದ ನೀರನ್ನು ಹೊಸ ಸೊಸೆಯನ್ನು ನೋಡುವ ಹಾಗೆ ಕಣ್ತುಂಬ ನೋಡಿ ಬರುತ್ತಿದ್ದರು.

ಹೊಳೆ ದಂಡೆಯ ತಗ್ಗು ಬೀದಿಯಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬಳಿದ್ದಳು. ಬೀದಿಗೆಲ್ಲ ಅವಳು ಟೈಲರಕ್ಕ. ಗಂಡ ಟೌನ್ ಬಸ್ಸಿನ ಡ್ರೈವರ್. ಮಕ್ಕಳಿರಲಿಲ್ಲ. ತಾಯಿ ತೀರಿಕೊಂಡಾಗ ತಮ್ಮನಿಗೆ ಇನ್ನೂ ಅಂಗಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಅವನನ್ನು ಎತ್ತಿ ಆಡಿಸಿ, ಓದಿಸಿ, ಮದುವೆ ಮಾಡಿದ್ದು ಅವಳೇ. ಅವನೀಗ ಅಣೆಕಟ್ಟಿನಲ್ಲಿ ಗೇಟ್ ಏರಿಸಿ ಇಳಿಸುವ ಕೆಲಸಗಾರ. ಅಲ್ಲೇ ಗುಡ್ಡದ ಮೇಲಿನ ಕ್ವಾರ್ಟರ್ಸಿನಲ್ಲಿ ಸಂಸಾರ. ಊರಿನ ನಲ್ಲಿಯಲ್ಲಿ ನೀರು ಬಂದ ದಿನ ಟೈಲರಕ್ಕ, “ನಮ್ಮ ಹುಡುಗ ಬಿಟ್ಟಿದ್ದು” ಎಂದು ಬೀಗುತ್ತಿದ್ದಳು. ಬರದಿದ್ದ ದಿನ ಬೀದಿಯವರು ಅವಳ ಬಾಗಿಲಿಗೆ ಬಂದು, “ನಿಮ್ಮ ಹುಡುಗ ಮಲಗಿಬಿಟ್ನಾ?” ಎಂದು ಕೇಳುತ್ತಿದ್ದರು.

ಅವಳ ಮನೆಗೂ ಪಕ್ಕದ ಇಸ್ತ್ರಿ ಅಂಗಡಿಗೂ ಒಂದೇ ಗೋಡೆ. ಅಂಗಡಿಯವಳು ಅವಳ ಓರಗೆಯವಳು, ಗಂಡನನ್ನು ಕಳೆದುಕೊಂಡವಳು. ಇವಳು ಹೊಲಿದದ್ದಕ್ಕೆ ಅವಳು ಇಸ್ತ್ರಿ ಹಾಕುತ್ತಿದ್ದಳು. ಬೀದಿ ಸುತ್ತಿ ಓಡಾಡುವುದು ಯಾಕೆಂದು ಗೋಡೆ ಒಡೆಸಿ ಒಂದು ಸಣ್ಣ ಕಿಂಡಿ ಮಾಡಿಕೊಂಡಿದ್ದರು. ಬಟ್ಟೆ, ಟೀ ಲೋಟ, ಚಾಡಿ ಮಾತು ಎಲ್ಲ ಅದರಲ್ಲೇ ಆಚೀಚೆ ಹೋಗುತ್ತಿದ್ದವು. ಇಸ್ತ್ರಿಯವಳ ತಾಯಿಗೆ ಕಾಲಿನಲ್ಲಿ ಶಕ್ತಿ ಇರಲಿಲ್ಲ. ಬೀದಿ ಕಡೆಯ ಕಿಟಕಿಗೆ ಮಂಚ ಹಾಕಿಸಿಕೊಂಡು, ಹೋಗುವವರನ್ನೂ ಬರುವವರನ್ನೂ ವಿಚಾರಿಸುತ್ತ, ಇಲ್ಲಿ ಕೇಳಿದ್ದನ್ನು ಅಲ್ಲಿಗೆ ದಾಟಿಸುತ್ತ ಇರುತ್ತಿದ್ದಳು. ಆದ್ದರಿಂದ ಅವಳಿಗೆ ರೇಡಿಯೋ ಅಜ್ಜಿ ಎಂದು ಹೆಸರು. ಮಗಳು ಬಟ್ಟೆ ಕೊಡಲು ಹೋದಾಗ ಅಜ್ಜಿಗೆ ಊಟ ಮಾಡಿಸುತ್ತಿದ್ದವಳು ಟೈಲರಕ್ಕ.

ಮೇಲಿನ ಕಾಡಿನಲ್ಲಿ ಮಳೆ ಬಿಡದೆ ಹೊಯ್ಯುತ್ತಿದೆ ಎಂದು ಸುದ್ದಿ ಬಂದ ವಾರ ಅದು. ಒಂದು ಮಧ್ಯಾಹ್ನ ಡ್ರೈವರ್ ಹೊತ್ತಲ್ಲದ ಹೊತ್ತಿನಲ್ಲಿ ಮನೆಗೆ ಬಂದ.

“ಬೇಗ ಹೊರಡು. ನಿನ್ನ ತಮ್ಮ ಫೋನ್ ಮಾಡಿದ್ದ. ಅವನ ಹೆಂಡತಿ ಜಾರಿ ಬಿದ್ದು ಸೊಂಟ ಹಿಡ್ಕೊಂಡಿದೆಯಂತೆ. ಎರಡು ದಿನ ಇದ್ದು ನೋಡ್ಕೊಂಡು ಬರೋಣ.”

“ಅಯ್ಯೋ! ನನಗ್ಯಾಕೆ ಮಾಡಲಿಲ್ಲ?”

“ನಿಂದು ಹತ್ತಲಿಲ್ಲವಂತೆ. ಕೊಡಿಲ್ಲಿ, ನೋಡ್ತೀನಿ.” ಅವಳ ಫೋನನ್ನು ತೆಗೆದುಕೊಂಡು ಹಾಗೇ ಜೇಬಿಗೆ ಹಾಕಿಕೊಂಡ.

ಅವಳು ಎರಡು ಜೊತೆ ಬಟ್ಟೆ ಮಡಚುವಷ್ಟರಲ್ಲಿ ಬಾಗಿಲಿಗೆ ಸಾಮಾನಿನ ಗಾಡಿಯೊಂದು ಬಂತು. ಡ್ರೈವರ್ ಹೊಲಿಗೆ ಮಿಷನ್ನನ್ನು ಎತ್ತಿಸತೊಡಗಿದ.

“ಇದೇನ್ರೀ ಇದು?”

“ಬೆಲ್ಟು ಜಾರುತ್ತೆ, ಬೆಲ್ಟು ಜಾರುತ್ತೆ ಅಂತ ಗೊಣಗ್ತಾನೇ ಇರ್ತೀಯಲ್ಲ. ಅಲ್ಲೊಬ್ಬ ಒಳ್ಳೇ ಮೆಕ್ಯಾನಿಕ್ ಇದ್ದಾನಂತೆ. ಹೋಗೋದು ಹೋಗ್ತೀವಿ, ತೋರಿಸಿಕೊಂಡೇ ಬರೋಣ.”

ಇಷ್ಟು ದಿನ ಮುಚ್ಚಿದ್ದ ಕಿವಿ ಇವತ್ತು ಹೇಗೆ ತೆರೆಯಿತೋ ಎಂದುಕೊಂಡಳು. ಒಳಗೊಳಗೇ ಖುಷಿಯಾಯಿತು. ಮದುವೆಯ ಫೋಟೋ, ಮನೆಯ ಕಾಗದ ಪತ್ರದ ಚೀಲ ಗಾಡಿಗೆ ಹೋದದ್ದು ಅವಳ ಕಣ್ಣಿಗೆ ಬೀಳಲಿಲ್ಲ.

ಕಿಟಕಿಯಿಂದ ರೇಡಿಯೋ ಅಜ್ಜಿ ಕೂಗಿದಳು: “ಏನಪ್ಪಾ ಡ್ರೈವರು, ಮಿಷನ್ನಿಗೂ ನೆಂಟರ ಮನೆ ಊಟಾನಾ?”

ಬೇರೆ ದಿನವಾಗಿದ್ದರೆ ಅವನು ಅಜ್ಜಿಗೆ ಒಂದಕ್ಕೆರಡು ಮಾತು ಕೊಡುತ್ತಿದ್ದ. ಆವತ್ತು ತಲೆ ತಗ್ಗಿಸಿಕೊಂಡು ಹಗ್ಗ ಬಿಗಿದ.

ಟೈಲರಕ್ಕ ಕಿಂಡಿಯಲ್ಲಿ ಬೀಗದಕೈ ಚಾಚಿದಳು. “ತಮ್ಮನ ಹೆಂಡ್ತಿಗೆ ಸೊಂಟ ಹಿಡ್ಕೊಂಡಿದೆಯಂತೆ, ಎರಡು ದಿನ ಇರಲ್ಲ ಕಣೇ. ಗಿರಾಕಿಗಳ ಬಟ್ಟೆ ಗಂಟು ಕೆಳಗೇ ಇದೆ. ಮಳೆ ಬಂದು ಒಳಗೆ ಎರಚಲು ಹೊಡೆದ್ರೆ ಸ್ವಲ್ಪ ಎತ್ತಿಡು.”

“ಹೋಗ್ಬಾ ಹೋಗ್ಬಾ. ನಿನ್ನ ಬಟ್ಟೆ ನನ್ನ ಬಟ್ಟೆ ಬೇರೇನಾ?” ಎಂದಳು ಇಸ್ತ್ರಿಯವಳು.

ಗುಡ್ಡದ ಮೇಲಿನ ಮನೆಗೆ ಹೋಗಿ ನೋಡಿದರೆ, ಸೊಂಟ ಮುರಿದುಕೊಂಡವಳು ಸ್ಟೂಲಿನ ಮೇಲೆ ನಿಂತು ಜೇಡರ ಬಲೆ ತೆಗೆಯುತ್ತಿದ್ದಳು.

“ಸೊಂಟ?” ಎಂದಳು ಟೈಲರಕ್ಕ.

ತಮ್ಮನ ಹೆಂಡತಿ ಕೆಳಗಿಳಿದು ಡ್ರೈವರ್ ಮುಖ ನೋಡಿದಳು. ಅವನು ನಕ್ಕುಬಿಟ್ಟ. “ಹಾಗೆ ಹೇಳದಿದ್ರೆ ನೀನು ಆ ಮಿಷನ್ ಬಿಟ್ಟು ಏಳ್ತಿದ್ಯಾ? ಎಷ್ಟು ದಿನ ಆಯ್ತು ಇವರ ಮನೆಗೆ ಬಂದು! ನಾವೇ ಸೇರಿ ಆಡಿದ ನಾಟಕ.”

“ಹಾಳಾದವರು, ನನ್ನ ಜೀವ ಬಾಯಿಗೆ ಬಂದಿತ್ತು!” ಎಂದು ಟೈಲರಕ್ಕನೂ ನಕ್ಕಳು. ಮೂವರೂ ನಕ್ಕರು, ಅವರಿಬ್ಬರು ಅವಳಿಗಿಂತ ಹೆಚ್ಚು ಹೊತ್ತು.

ಸಂಜೆ ತಮ್ಮ ಬಂದ. ತಟ್ಟೆಯಿಂದ ತಲೆ ಎತ್ತದೆ ಉಂಡ. ಅವಳು ಚಿಕ್ಕಂದಿನ ಅಭ್ಯಾಸದಿಂದ ಅವನ ತಲೆ ಸವರಲು ಹೋದರೆ ಸರಿದು ಕೂತ. “ಡ್ಯೂಟಿ ಇದೆ ಅಕ್ಕ. ನೀನು ಎಲ್ಲೂ ಹೋಗ್ಬೇಡ, ಇಲ್ಲೇ ಇರು” ಎಂದಷ್ಟೇ ಹೇಳಿ ಮಳೆ ಕೋಟು ಹಾಕಿಕೊಂಡು ಹೊರಟುಹೋದ. ಕೆಲಸದ ಆಯಾಸ ಎಂದುಕೊಂಡಳು ಅವಳು.

ಬೆಳಗಾಗುತ್ತಿದ್ದಂತೆ ಅವಳಿಗೆ ಎಚ್ಚರವಾದದ್ದು ಅಡುಗೆಮನೆಯ ತಟ್ಟೆಗಳು ಗಿಲಗಿಲ ಅಲುಗಾಡುತ್ತಿದ್ದ ಸದ್ದಿಗೆ. ಭೂಮಿ ನಡುಗುತ್ತಿದೆಯೇನೋ ಎಂದು ಹೊರಗೋಡಿದಳು. ಅಣೆಕಟ್ಟಿನ ಅಷ್ಟೂ ಗೇಟುಗಳು ಎದ್ದಿದ್ದವು. ನೀರು ನೀರಿನ ಹಾಗಿರಲಿಲ್ಲ. ಬಿಳಿ ಗೋಡೆ ಕುಸಿದು ಕುಸಿದು ಮತ್ತೆ ಮತ್ತೆ ಕುಸಿಯುತ್ತಿರುವ ಹಾಗಿತ್ತು. ಅದು ಹೋಗುತ್ತಿದ್ದ ದಿಕ್ಕಿನಲ್ಲಿ ಅವಳ ಬೀದಿ ಇತ್ತು.

ಗೇಟು ಎತ್ತುವುದಕ್ಕೆ ಮುಂಚೆ ಸೈರನ್ ಕೂಗಿಸುವುದು ನಿಯಮ. ಸೈರನ್ನಿನ ಕಂಬ ಇದ್ದದ್ದು ಕ್ವಾರ್ಟರ್ಸಿನ ಮೂಲೆಯಲ್ಲೇ. ಅದು ಕೂಗಿದರೆ ಹೆಣವೂ ಎದ್ದು ಕೂರಬೇಕು.

“ಸೈರನ್ ಕೂಗ್ತಾ? ನನಗೆ ಕೇಳಿಸಲೇ ಇಲ್ವಲ್ಲ!” ಎಂದು ಅವಳು ಒಳಗೆ ಬಂದಳು.

ತಮ್ಮನ ಹೆಂಡತಿ ಟೀ ಲೋಟ ಹಿಡಿದು ನಿಂತಿದ್ದಳು. “ನನ್ನನ್ನ ಕೇಳ್ಬೇಡಿ ಅತ್ತಿಗೆ. ನನ್ನನ್ನ ಏನೂ ಕೇಳ್ಬೇಡಿ” ಎಂದು ಅತ್ತುಬಿಟ್ಟಳು.

ಟೈಲರಕ್ಕ ಗಂಡನ ಕಡೆ ತಿರುಗಿದಳು. ಅವನು ನೆಲ ನೋಡುತ್ತಿದ್ದ.

“ಗೊತ್ತಿತ್ತಾ?”

ಅವನ ಕೈ ಅಂಗಿಯ ಜೇಬಿನ ಮೇಲೆ ಹೋಯಿತು.

“ನಿನಗೆ ಗೊತ್ತಿತ್ತಾ?” ಮದುವೆಯಾದಂದಿನಿಂದ ಅವಳು ಅವನಿಗೆ ಏಕವಚನ ಆಡಿದ್ದು ಅದೇ ಮೊದಲು.

ಅವಳು ಅವನ ಜೇಬಿಗೇ ಕೈ ಹಾಕಿ ತನ್ನ ಫೋನ್ ಎಳೆದುಕೊಂಡಳು. ಅದನ್ನು ಆಫ್ ಮಾಡಿಟ್ಟಿದ್ದ. ಆನ್ ಮಾಡಿ ಇಸ್ತ್ರಿಯವಳಿಗೆ ಹಚ್ಚಿದಳು. ರಿಂಗಾಯಿತು, ರಿಂಗಾಗುತ್ತಲೇ ಇತ್ತು, ನಿಂತಿತು. ಮತ್ತೆ ಹಚ್ಚಿದಾಗ ರಿಂಗ್ ಕೂಡ ಆಗಲಿಲ್ಲ. ಚಪ್ಪಲಿ ಹುಡುಕುವ ಗೋಜಿಗೂ ಹೋಗದೆ ಇಳಿಜಾರಿನಲ್ಲಿ ಓಡಿದಳು. ಹಿಂದೆ ಗಂಡ ಕೂಗುವುದು ಕೇಳಿಸಿತು. ಹೆಸರು ಹಿಡಿದು ಕೂಗುತ್ತಿದ್ದ. ತಿರುಗಿ ನೋಡಲಿಲ್ಲ.

ತಗ್ಗು ಬೀದಿಗೆ ಅವಳು ಹೋಗಲಾಗಲಿಲ್ಲ, ಬೀದಿಯೇ ಇರಲಿಲ್ಲ. ಮನೆಗಳ ಬಾಗಿಲ ತಲೆ, ಅದರ ಮೇಲಿನ ಮಾಡು ಮಾತ್ರ ಕಾಣುತ್ತಿತ್ತು. ಮಾಡಿನ ಮೇಲೆ ಕೂತವರನ್ನು ದೋಣಿಗಳಲ್ಲಿ ಇಳಿಸಿ, ದಿಬ್ಬದ ಮೇಲಿನ ಶಾಲೆಗೆ ತರುತ್ತಿದ್ದರು. ಶಾಲೆಯ ಮೆಟ್ಟಿಲ ಮೇಲೆ ಇಸ್ತ್ರಿಯವಳು ಕೂತಿದ್ದಳು. ಯಾರೋ ಹೊದಿಸಿದ್ದ ಕಂಬಳಿ ಜಾರಿ ಬಿದ್ದಿತ್ತು, ಎತ್ತಿಕೊಂಡಿರಲಿಲ್ಲ.

“ಅಜ್ಜಿ ಎಲ್ಲೇ?” ಎಂದಳು ಟೈಲರಕ್ಕ.

ಇಸ್ತ್ರಿಯವಳು ತಲೆಯೆತ್ತಿ, ಗುರುತು ಹತ್ತದವಳ ಹಾಗೆ ನೋಡಿದಳು. ಆಮೇಲೆ, ದಿನಾ ಕಿಂಡಿಯಲ್ಲಿ ಸುದ್ದಿ ಹೇಳುತ್ತಿದ್ದ ಅದೇ ಧಾಟಿಯಲ್ಲಿ ಹೇಳತೊಡಗಿದಳು.

“ಕೆಂಡ ಊದ್ತಾ ಇದ್ದೆ. ಬಾಗಿಲ ಕೆಳಗಿಂದ ನೀರು ಬಂತು. ಆಗ ಇಷ್ಟೇ, ಪಾದ ಮುಳುಗೋಷ್ಟು. ಯಾವುದೋ ಪೈಪು ಒಡೆದಿದೆ ಅಂದ್ಕೊಂಡೆ. ನಿನ್ನ ಬೀಗದಕೈ ತಗೊಂಡು ಓಡಿದೆ. ಬಾಗಿಲು ತೆಗೆದು ನಿನ್ನ ಗಿರಾಕಿಗಳ ಬಟ್ಟೆ ಗಂಟು ಎಲ್ಲ ಅಟ್ಟಕ್ಕೆ ಹಾಕಿದೆ. ನೀನು ಹೇಳಿ ಹೋಗಿದ್ಯಲ್ಲ. ವಾಪಸ್ ಬರೋ ಹೊತ್ತಿಗೆ ಸೊಂಟದ ತನಕ. ಅವ್ವನ್ನ ಎತ್ತಿ ಇಸ್ತ್ರಿ ಮೇಜಿನ ಮೇಲೆ ಮಲಗಿಸಿದೆ. ಮೇಜೇ ತೇಲಿಬಿಡ್ತು.”

ಟೈಲರಕ್ಕ ಅವಳ ಕೈ ಹಿಡಿದುಕೊಂಡಳು. ಇಸ್ತ್ರಿಯವಳು ಸ್ವಲ್ಪ ಹೊತ್ತು ಬಿಟ್ಟು ಕೈ ಬಿಡಿಸಿಕೊಂಡಳು.

“ನಿನ್ನೆ ನೀವು ಹೋದ್ಮೇಲೆ ಅವ್ವ ಅಂತಾನೇ ಇತ್ತು. ಸೊಂಟ ನೋಡೋಕೆ ಹೋಗೋರು ಮಿಷನ್ ಯಾಕೆ ತಗೊಂಡು ಹೋದ್ರು, ಏನೋ ಇದೆ ಅಂತ. ಸುಮ್ನೆ ಮಲಗು, ಎಲ್ಲರ ಮನೆ ಸುದ್ದಿ ನಿಂಗ್ಯಾಕೆ ಅಂತ ನಾನೇ ಬೈದೆ.” ಜಾರಿ ಬಿದ್ದ ಕಂಬಳಿಯನ್ನು ಅವಳು ಕಾಲಿನಿಂದ ಆಚೆ ತಳ್ಳಿದಳು. “ಒಂದು ಮಾತು ಹೇಳೋಕಾಗಲಿಲ್ವೇನೇ ನಿನಗೆ? ಕಿಂಡಿಯಲ್ಲಿ ಒಂದು ಮಾತು. ನಿನ್ನೆಯೇ ಬೆನ್ನ ಮೇಲೆ ಹೊತ್ಕೊಂಡು ಇಲ್ಲಿಗೆ ಬಂದುಬಿಡ್ತಿದ್ದೆ.”

“ನನಗೆ ಗೊತ್ತಿರಲಿಲ್ಲ. ನಿನ್ನಾಣೆ, ನನಗೆ ಗೊತ್ತೇ ಇರಲಿಲ್ಲ.”

ಸುತ್ತ ನಿಂತಿದ್ದವರಲ್ಲಿ ಒಬ್ಬ ಗಂಡಸು ನಕ್ಕ. “ಗೊತ್ತಿರಲಿಲ್ವಂತೆ! ತಮ್ಮ ಗೇಟ್ ಎತ್ತೋನು, ಅಕ್ಕ ಹಿಂದಿನ ದಿನವೇ ಗಂಟುಮೂಟೆ ಕಟ್ಟಿದ್ಲು, ಆದ್ರೂ ಗೊತ್ತಿರಲಿಲ್ವಂತೆ.”

ಅವನ ಜಾಗದಲ್ಲಿ ನಿಂತಿದ್ದರೆ ಟೈಲರಕ್ಕನೂ ಅದನ್ನೇ ಅನ್ನುತ್ತಿದ್ದಳು.

ಅದೇ ದಿನ ಮಧ್ಯಾಹ್ನ ಅವಳು ಗುಡ್ಡ ಹತ್ತಿ ವಾಪಸು ಬಂದಾಗ ಇಬ್ಬರು ಗಂಡಸರೂ ಮನೆಯಲ್ಲಿದ್ದರು. ತಮ್ಮ ಎದ್ದು ನಿಂತ. ಅವನ ಕಣ್ಣು ಕೆಂಪಾಗಿತ್ತು.

“ಅಜ್ಜಿ ಹೋದಳು” ಎಂದಳು ಅವಳು. “ಮೂಲೆಮನೆ ಅವಳಿ ಮಕ್ಕಳು ಇನ್ನೂ ಸಿಕ್ಕಿಲ್ಲ. ಈಗ ಹೇಳು. ಯಾವಾಗ ಗೊತ್ತಾಯ್ತು ನಿನಗೆ?”

“ಅಕ್ಕ, ಮೇಲಿನವರು ತಪ್ಪು ಮಾಡಿದ್ರು. ಮುಂಚೆಯಿಂದ ಸ್ವಲ್ಪ ಸ್ವಲ್ಪ ಬಿಡಬೇಕಾಗಿತ್ತು. ಬರ, ಬರ ಅಂತ ಕಟ್ಟಿಟ್ಟುಕೊಂಡು ಕೂತ್ರು. ನಿನ್ನೆ ಬೆಳಿಗ್ಗೆ ನೋಡಿದ್ರೆ ಅಂಚಿಗೆ ಬಂದಿತ್ತು. ಸೈರನ್ ಒತ್ತಲಾ ಅಂತ ಕೇಳಿದೆ. ಈಗಲೇ ಬೇಡ, ಜನ ಗಾಬರಿಯಾಗ್ತಾರೆ, ಇಲ್ಲಿ ತನಕ ಯಾಕೆ ಬಿಡಲಿಲ್ಲ ಅಂತ ಗಲಾಟೆ ಮಾಡ್ತಾರೆ, ಮೇಲಿಂದ ಆರ್ಡರ್ ಬರಲಿ ಅಂದ್ರು. ಆರ್ಡರ್ ಬಂದಿದ್ದು ಗೇಟು ಎತ್ತೋಕೆ. ಸೈರನ್ನಿಗೆ ಬರಲೇ ಇಲ್ಲ.”

“ಭಾವನಿಗೆ ಹೇಳೋಕೆ ಯಾರ ಆರ್ಡರ್ ಬಂತು?”

ಡ್ರೈವರ್ ಮಧ್ಯೆ ಬಾಯಿ ಹಾಕಿದ. “ಅವನು ನಿನ್ನ ಜೀವ ಉಳಿಸೋಕೆ ತನ್ನ ಕೆಲಸ ಪಣಕ್ಕಿಟ್ಟ. ಅವನನ್ನ ಹೀಗೆ ನಿಲ್ಲಿಸಿ ಕೇಳ್ತೀಯಲ್ಲ!”

“ನನಗ್ಯಾಕೆ ಹೇಳಲಿಲ್ಲ? ಅವನಿಗೆ ನಿಮ್ಮ ಫೋನ್ ಮಾತ್ರ ಹತ್ತಿತಾ?”

“ನಿನಗೆ ಹೇಳಿದ್ರೆ ಆಗ್ತಿದ್ದದ್ದೇ ಬೇರೆ. ನಿನ್ನ ಬಾಯಿಗೆ ಬೀಗ ಎಲ್ಲಿದೆ? ಕಿಂಡಿಯಲ್ಲಿ ಅವಳಿಗೆ ಹೇಳ್ತಿದ್ದೆ, ಅವಳು ಆ ಮುದುಕಿಗೆ ಹೇಳ್ತಿದ್ಲು, ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಇಡೀ ಬೀದಿಗೆ ಗೊತ್ತಾಗ್ತಿತ್ತು.”

ಅಷ್ಟು ಹೇಳಿದ ಮೇಲೆ ಡ್ರೈವರಿಗೆ ತಾನು ಏನು ಹೇಳಿದೆ ಎಂದು ಗೊತ್ತಾಯಿತು.

“ಹೌದು” ಎಂದಳು ಟೈಲರಕ್ಕ. “ಇಡೀ ಬೀದಿಗೆ ಗೊತ್ತಾಗ್ತಿತ್ತು.”

ಅವಳು ಆ ಮನೆಯಲ್ಲಿ ನೀರು ಕೂಡ ಮುಟ್ಟದೆ ಶಾಲೆಗೆ ಹಿಂತಿರುಗಿದಳು. ಅಲ್ಲಿ ಅವಳಿಗೆ ಯಾರೂ ಜಾಗ ಮಾಡಿಕೊಡಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ವರಾಂಡದ ಕೊನೆಯಲ್ಲಿ ಮಲಗಿದಳು. ಅಜ್ಜಿಯ ದೇಹ ಸಿಕ್ಕಿ ಮಣ್ಣು ಮಾಡುವಾಗ ದೂರದಲ್ಲಿ ನಿಂತಿದ್ದಳು. ನೀರಿಳಿದ ಮೇಲೆ ಎಲ್ಲರಂತೆ ಅವಳೂ ಮೊಣಕಾಲುದ್ದದ ಕೆಸರನ್ನು ಬಾಚಿ ಬಾಚಿ ಬೀದಿಗೆ ಹಾಕಿದಳು. ಅಟ್ಟದ ಮೇಲೆ ಗಿರಾಕಿಗಳ ಬಟ್ಟೆ ಗಂಟು ಒಂದು ಹನಿ ತಾಗದೆ ಹಾಗೇ ಕೂತಿತ್ತು. ಅದನ್ನು ಬಿಚ್ಚಲು ಅವಳ ಕೈ ಬರಲಿಲ್ಲ. ಗಂಟನ್ನು ಗಿರಾಕಿಗಳೇ ಬಂದು ಬಿಚ್ಚಿ ಒಯ್ದರು.

ಕೆಲವು ವಾರದ ಮೇಲೆ ವಿಚಾರಣೆಗೆ ಒಬ್ಬ ಅಧಿಕಾರಿಣಿ ಬಂದರು. ಅದರ ಹಿಂದಿನ ದಿನ ತಮ್ಮ ಅಕ್ಕನ ಬಾಗಿಲಿಗೆ ಬಂದ. ಹೊಸಿಲಲ್ಲೇ ಕೂತ.

“ಸೈರನ್ ಕೂಗಿಸಿದ್ವಿ ಅಂತ ಎಲ್ಲರೂ ಒಂದೇ ಮಾತು ಹೇಳ್ಬೇಕು ಅಂದಿದ್ದಾರೆ. ನಾನೂ ಹಾಗೇ ಹೇಳ್ತೀನಿ. ಇಲ್ಲದಿದ್ರೆ ಕೊನೆಗೆ ನನ್ನ ತಲೆಗೇ ಕಟ್ತಾರೆ ಅಕ್ಕ. ಗುಂಡಿ ಇದ್ದದ್ದು ನನ್ನ ಕೈಕೆಳಗೆ ತಾನೇ? ನೀನು ಸುಮ್ಮನಿದ್ದರೆ ಸಾಕು. ಏನೂ ಹೇಳ್ಬೇಡ. ಅಮ್ಮ ಹೋದ್ಮೇಲೆ ನನಗೆ ನೀನು ಬಿಟ್ರೆ ಯಾರಿದ್ದಾರೆ?”

ಅವಳು ಅವನನ್ನು ನೋಡಿದಳು. ಚಿಕ್ಕಂದಿನಲ್ಲಿ ಅತ್ತು ಅತ್ತು ಮೂಗು ಕೆಂಪಾಗಿಸಿಕೊಂಡು ಇವಳ ಸೆರಗಿಗೆ ಒರೆಸುತ್ತಿದ್ದ ಮುಖವೇ ಅದು. ಅವನನ್ನು ಎಬ್ಬಿಸಿ ಒಳಗೆ ಕರೆದು ಉಣ್ಣಲು ಇಡಬೇಕೆನ್ನಿಸಿತು. “ಹೋಗಪ್ಪ” ಎಂದಳು. ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ.

ಮರುದಿನ ಶಾಲೆಯ ದೊಡ್ಡ ಕೊಠಡಿ ಕಿಕ್ಕಿರಿದಿತ್ತು. ಅಣೆಕಟ್ಟಿನ ಮೇಲಧಿಕಾರಿ ಎದ್ದು ನಿಂತು, ಹಿಂದಿನ ಸಂಜೆಯೇ ಸೈರನ್ ಕೂಗಿಸಲಾಗಿತ್ತು ಎಂದರು. ಜನರಿಗೆ ಮನೆಯ ಮೇಲಿನ ಮೋಹ, ಎಷ್ಟು ಎಚ್ಚರಿಸಿದರೂ ಬಿಟ್ಟು ಏಳುವುದಿಲ್ಲ, ಏನು ಮಾಡುವುದು ಎಂದು ಮರುಗಿದರು. ಬೀದಿಯವರು ಹೋ ಎಂದು ಎದ್ದರು. ಅಧಿಕಾರಿಣಿ ಎಲ್ಲರನ್ನೂ ಕೂರಿಸಿ ಗೇಟಿನ ಕೆಲಸಗಾರನನ್ನು ಕರೆದರು.

“ಸೈರನ್ ಗುಂಡಿ ಒತ್ತಿದ್ದು ನೀವೇನಾ?”

“ಹೌದು ಮೇಡಂ. ನಾನೇ ಒತ್ತಿದೆ. ಚೆನ್ನಾಗಿ ಕೂಗಿತು.”

ಮುಂದಿನ ಸಾಲಿನಲ್ಲಿ ಇಸ್ತ್ರಿಯವಳು ಕೂತಿದ್ದಳು. ಅವಳು ಕಿರುಚಲಿಲ್ಲ. ಕಿವಿಯ ಮೇಲೆ ಒಮ್ಮೆ ಕೈಯಿಟ್ಟು ತೆಗೆದಳು, ಅಷ್ಟೆ. ತನ್ನ ಕಿವಿಯೇ ಕೆಟ್ಟಿತ್ತೋ ಏನೋ ಎಂದು ನೋಡಿಕೊಂಡ ಹಾಗಿತ್ತು. ಟೈಲರಕ್ಕನಿಗೆ ಅದನ್ನು ನೋಡಲಾಗಲಿಲ್ಲ. ಎದ್ದು ನಿಂತಳು.

“ಕೂಗಲಿಲ್ಲ” ಎಂದಳು. “ಆ ಸಂಜೆ, ಆ ರಾತ್ರಿ ಪೂರ್ತಿ ನಾನು ಆ ಕಂಬದ ಬುಡದಲ್ಲಿರೋ ಮನೆಯಲ್ಲೇ ಇದ್ದೆ. ಇವನು ನನ್ನ ತಮ್ಮ. ಹಿಂದಿನ ದಿನವೇ ನನ್ನ ಗಂಡನಿಗೆ ಫೋನ್ ಮಾಡಿ, ನನಗೆ ಸುಳ್ಳು ಹೇಳಿಸಿ ಮೇಲಕ್ಕೆ ಕರೆಸಿಕೊಂಡ. ಸೈರನ್ ಕೂಗಿಸೋ ಹಾಗಿದ್ದಿದ್ರೆ ಅವನು ಕದ್ದು ಫೋನ್ ಯಾಕೆ ಮಾಡಬೇಕಾಗಿತ್ತು? ಕೇಳಿ ಅವನನ್ನ.”

ಕೇಳಬೇಕಾಗಲಿಲ್ಲ. ತಮ್ಮ ಮುಖ ಮುಚ್ಚಿಕೊಂಡು ಕುಸಿದು ಕೂತ. ಗೋಡೆಗೆ ಒರಗಿ ನಿಂತಿದ್ದ ಡ್ರೈವರ್ ಜನರನ್ನು ಸರಿಸಿಕೊಂಡು ಹೊರಗೆ ನಡೆದ.

ಅದರಿಂದ ಆದದ್ದು ಇಷ್ಟು. ಮೇಲಧಿಕಾರಿಗೆ ಬೇರೆ ಊರಿಗೆ ವರ್ಗವಾಯಿತು. ತಮ್ಮನ ಕೆಲಸ ಹೋಯಿತು. ಕ್ವಾರ್ಟರ್ಸ್ ಬಿಡಿಸಿದರು. ಅವನು ಹೆಂಡತಿಯನ್ನು ಕರೆದುಕೊಂಡು ಎಲ್ಲಿಗೆ ಹೋದನೆಂದು ಅಕ್ಕನಿಗೆ ತಿಳಿಸಲಿಲ್ಲ. ಸೈರನ್ ಕೂಗಿರಲಿಲ್ಲ ಎಂದು ಅಧಿಕಾರಿಣಿ ಬರೆದು ಕೊಟ್ಟರು. ಸತ್ತವರು ತಮ್ಮದೇ ತಪ್ಪಿನಿಂದ ಸಾಯಲಿಲ್ಲ ಎಂಬ ಮಾತು ತಗ್ಗು ಬೀದಿಗೆ ಸಿಕ್ಕಿತು. ಬೀದಿಯವರು ಅವಳನ್ನು ಮತ್ತೆ ಮಾತಾಡಿಸತೊಡಗಿದರು. ಆದರೆ ಬಟ್ಟೆ ಹೊಲಿಸಲು ಬಂದವರೇ ಬೆನ್ನ ಹಿಂದೆ, “ಬೆಳೆಸಿದ ತಮ್ಮನನ್ನೇ ತುಂಬಿದ ಸಭೆಯಲ್ಲಿ ಹಿಡಿದುಕೊಟ್ಟಳಲ್ಲ, ಇಂಥವಳ ಹತ್ತಿರ ಹುಷಾರಾಗಿರಬೇಕು” ಎನ್ನುತ್ತಿದ್ದರು. ಮುಚ್ಚಿಟ್ಟಳು ಎಂದು ಬೈದವರೂ ಅವರೇ. ಅವಳಿಗೆ ಕೇಳಿಸುತ್ತಿತ್ತು.

ಇಸ್ತ್ರಿಯವಳು ಮಾತ್ರ ಬೆನ್ನ ಹಿಂದೆ ಏನೂ ಅನ್ನಲಿಲ್ಲ. ಒಂದು ದಿನ ಮೇಸ್ತ್ರಿಯನ್ನು ಕರೆಸಿ ಗೋಡೆಯ ಕಿಂಡಿ ಮುಚ್ಚಿಸಿದಳು. ಮೇಸ್ತ್ರಿ ಇಟ್ಟಿಗೆ ಇಡುವಾಗ ಟೈಲರಕ್ಕ ಈಚೆ ಬದಿಯಲ್ಲಿ ನಿಂತಿದ್ದಳು.

“ನಿನ್ನ ತಪ್ಪಿಲ್ಲ ಅಂತ ಈಗ ನನಗೆ ಗೊತ್ತು” ಎಂದಳು ಇಸ್ತ್ರಿಯವಳು ಆಚೆಯಿಂದ. “ಆದ್ರೂ ಈ ಕಿಂಡಿಯಲ್ಲಿ ನಿನ್ನ ಮುಖ ಕಂಡಾಗೆಲ್ಲ ಅವ್ವನ್ನ ಬಿಟ್ಟು ನಿನ್ನ ಗಂಟು ಎತ್ತೋಕೆ ಓಡಿದ್ದು ನೆನಪಾಗುತ್ತೆ. ನನ್ನಿಂದ ಆಗಲ್ಲ ಕಣೇ.”

ಟೈಲರಕ್ಕ ಹೂಂ ಎಂದಳು. ಮೇಸ್ತ್ರಿ ಒಂದು ಕ್ಷಣ ಕಾದು, ಕೊನೆಯ ಇಟ್ಟಿಗೆ ಇಟ್ಟ.

ನೆರೆ ಬಂದಂದಿನಿಂದ ಡ್ರೈವರ್ ಬಸ್ ಡಿಪೋದಲ್ಲೇ ಮಲಗಿ ಎದ್ದು ದಿನ ಕಳೆಯುತ್ತಿದ್ದ. ಚಳಿ ಕಳೆದ ಮೇಲೆ ಒಂದು ಸಂಜೆ ಚೀಲ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತ. ಬಡವಾಗಿದ್ದ. ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಊಟಕ್ಕೆ ಬಡಿಸಿದಳು. ಅವನು ಎರಡು ತುತ್ತು ತಿಂದು, “ನಾನು ಮಾಡಿದ್ದು ನಿನಗೋಸ್ಕರ. ನೀನೇ ಹೋಗಿದ್ದಿದ್ರೆ ನಾನು ಏನು ಮಾಡ್ಲಿ?” ಎಂದ.

“ಗೊತ್ತು” ಎಂದಳು. ಅದು ನಿಜವೆಂದೂ ಅವಳಿಗೆ ಗೊತ್ತಿತ್ತು. ಅದೇ ಅವಳಿಗೆ ಸಹಿಸಲಾಗದ್ದು.

ಅಂದಿನಿಂದ ಅವರು ಒಂದೇ ಮನೆಯಲ್ಲಿದ್ದರು. ಅವನು ತರಕಾರಿ ತರುತ್ತಿದ್ದ, ಅವಳು ಅಡುಗೆ ಮಾಡುತ್ತಿದ್ದಳು. ಬಿಸಿಲು ಕಾಲ ಮುಗಿಯುವ ಹೊತ್ತಿಗೆ ಒಂದು ದಿನ ಅವಳು ಒಗೆದ ಬಟ್ಟೆಯ ಬಕೆಟ್ ಎತ್ತಿಕೊಂಡು ಹಿತ್ತಿಲಿಗೆ ಹೊರಟಾಗ, ಕಿಟಕಿಯ ಬಳಿ ಪೇಪರ್ ಓದುತ್ತಿದ್ದ ಡ್ರೈವರ್ ತಲೆಯೆತ್ತಿ ಆಕಾಶ ನೋಡಿದ.

“ಹಾಕು ಹಾಕು, ಇವತ್ತು ಮಳೆ ಇಲ್ಲ” ಎಂದ.

ಅವಳು ಬಕೆಟ್ ಕೆಳಗಿಟ್ಟು ಅಂಗಳಕ್ಕೆ ಇಳಿದಳು. ಕಣ್ಣಿಗೆ ಕೈ ಅಡ್ಡ ಹಿಡಿದು, ಮೇಲಿನ ಗುಡ್ಡದ ಕಡೆಯಿಂದ ಹಿಡಿದು ಹೊಳೆಯ ಕಡೆಯವರೆಗೂ ಆಕಾಶವನ್ನು ತಾನೇ ಒಂದು ಸಲ ನೋಡಿದಳು. ಆಮೇಲೆ ಬಟ್ಟೆ ಹಾಕಿದಳು.